ಮೂಲ ಪ್ರತಿ

ವಿಲ್ಮರ್, ಜಗಳಕ್ಕೆ ಬಂದಿಲ್ಲ. ಮೊದಲು ಕೂರಲೊಂದು ಸ್ಟೂಲು ಕೊಡು.
ಎಲ್ ಆಲ್ತೊದ ಗುರುವಾರದ ಸಂತೆಯಲ್ಲಿ ಹಳೇ ಟೈರುಗಳ ಸಾಲು ದಾಟಿ
ನಿನ್ನ ಟಾರ್ಪಾಲಿನ ನೆರಳಿಗೆ ಬರುವಷ್ಟರಲ್ಲಿ
ಇಲ್ಲೇ ಹುಟ್ಟಿದ ನನಗೂ ಉಸಿರು ಸಾಲದು.
ನೀನು ಕೊಟ್ಟ ಲ್ಯಾಪ್‌ಟಾಪಿಗೆ ಹೇಗೆ ಸಾಲೀತು?

ಸಾವಿರದ ನೂರು ಬೊಲಿವಿಯಾನೊ, ಮೇಲೆ ನನ್ನ ಟೈಪ್‌ರೈಟರು.
"ಹೊಸದರ ಹಾಗೇ ಇದೆ, ದೋನ್ಯಾ ಎವರಿಸ್ತಾ,
ಬ್ಯಾಟರಿ ಎಂಟು ಗಂಟೆ."
ಎಂಟು ಗಂಟೆ ನಿಜ,
ಎಂಟು ದಿನದ್ದು ಕೂಡಿಸಿದರೆ.

ಕೋರ್ಟಿನ ಮೆಟ್ಟಿಲ ಕೆಳಗೆ ನನ್ನ ಮೇಜು. ಇಪ್ಪತ್ತಾರು ವರ್ಷ ಕೂತ ಜಾಗ.
ಅಲ್ಲಿ ಪ್ಲಗ್ಗಿಲ್ಲ. ಪಕ್ಕದ ಬಸಿಲಿಯಾಳ ಕಿತ್ತಳೆ ರಸದ ಯಂತ್ರಕ್ಕೂ
ಕೈಯೇ ಕರೆಂಟು.
ಜೆರಾಕ್ಸ್ ಅಂಗಡಿಯವ ಕಿಟಕಿಯಿಂದ ವೈರು ಇಳಿಬಿಟ್ಟ,
ಬಾವಿಗೆ ಹಗ್ಗ ಬಿಟ್ಟ ಹಾಗೆ, ಗಂಟೆಗೊಂದು ಬೊಲಿವಿಯಾನೊ ಬಾಡಿಗೆ.
ಸೇದಿದರೆ ಬಂದದ್ದು ಫ್ಯಾನಿನ ಗೊರಗೊರ.

ತೆರೆದುಕೊಳ್ಳಲು ಹನ್ನೊಂದು ನಿಮಿಷ.
ಅಷ್ಟರಲ್ಲಿ, ಗಂಡನನ್ನು ಬಿಡಲು ಅರ್ಜಿ ಬರೆಸಲು ಬಂದವಳು
ಮನಸ್ಸು ಬದಲಿಸಿ ಎದ್ದು ಹೋದಳು.
(ಅದೊಂದು ಒಳ್ಳೆಯದೇ ಆಯಿತು ಅಂತಿಟ್ಟುಕೋ.)
ಜಾಮೀನಿನ ಕಾಗದ ಅರ್ಧ ಹೊಡೆದಾಗ ಪರದೆ ನೀಲಿಯಾಯಿತು,
ತಿತಿಕಾಕಾ ಸರೋವರದ ನೀಲಿ, ನೋಡಲು ಚೆಂದವೇ.
"ಆರಿಸಬೇಡಿ, ಕೆಲಸ ನಡೆಯುತ್ತಿದೆ" ಅಂತ ನನಗೇ ಹೇಳಿತು,
ಕೆಲಸ ನಿಂತು ಕೂತವಳಿಗೆ.
ಶೇಕಡಾ ಹದಿನೇಳು.
ಊಟ ಮಾಡಿ ಬಂದೆ.
ಹದಿನೇಳು.

ಆಮೇಲೆ ಆ ಒಂದು ಅಕ್ಷರ ಸತ್ತಿತು.
ತಲೆಯ ಮೇಲೆ ಹುಬ್ಬಿನ ಹಾಗೊಂದು ಅಲೆ ಇರುತ್ತದಲ್ಲ, ಅದು.
ನಿನಗೂ ಬಿಡಿಸಿ ಹೇಳಬೇಕೇ?
ಹುಬ್ಬಿದ್ದರೆ ಆನ್ಯೊ, ವರ್ಷ.
ಹುಬ್ಬು ಬೋಳಿಸಿದರೆ ಆನೊ, ಕೂರುವ ಕಡೆಯ ಕಿಂಡಿ.
ತೊರಿಬಿಯೊ ಮುದುಕ ತವರದ ಗಣಿಯಲ್ಲಿ ಮೂವತ್ತೊಂದು ವರ್ಷ ಸವೆದವನು;
ಅವನ ಪಿಂಚಣಿ ಅರ್ಜಿಯಲ್ಲಿ ಮೂವತ್ತೊಂದು ಏನೆಂದು ಹೋಯಿತು, ನೀನೇ ಯೋಚಿಸು.
ಕಿಟಕಿಯ ಗುಮಾಸ್ತ ಗಟ್ಟಿಯಾಗಿ ಓದಿದ. ಸಾಲಿಗೆ ಸಾಲೇ ನಕ್ಕಿತು.
ಮುದುಕನೂ ನಕ್ಕ, ಕಿವಿ ಕೇಳದವನು,
ಎಲ್ಲರೂ ನಗುತ್ತಿದ್ದಾರಲ್ಲ ಅಂತ.

ಅವತ್ತೇ ನಿನ್ನಲ್ಲಿಗೆ ಓಡಿ ಬಂದಿದ್ದೆ, ನೆನಪಿದೆಯೇ?
ಸಂತೆ ಮಾಲಿನ ಗ್ಯಾರಂಟಿ ಸಂತೆ ಮುಗಿಯುವ ತನಕ ಅಂತ ನೀನು.
ನನ್ನ ಟೈಪ್‌ರೈಟರೆಲ್ಲಿ ಅಂತ ನಾನು.
ಸೊಪೊಕಾಚಿಯ ಕಾಫಿ ಅಂಗಡಿಗೆ ಕೊಟ್ಟೆ, ಅಲಂಕಾರಕ್ಕೆ, ಅಂದೆಯಲ್ಲ.

ಹುಡುಕಿಕೊಂಡು ಹೋದೆ. ಕಳ್ಳಿಗಿಡದ ಕುಂಡದ ಪಕ್ಕ ಕೂರಿಸಿದ್ದರು,
ರೋಲರಿಗೆ ತಿಂಡಿಗಳ ಬೆಲೆಪಟ್ಟಿ ಸಿಕ್ಕಿಸಿ.
ಕಾಫಿ ಹೇಳಿದೆ, ಎಲ್ಲಕ್ಕಿಂತ ಅಗ್ಗದ್ದು.
(ಇನ್ನೂ ಬುದ್ಧಿ ಬಂದಿಲ್ಲ ನೋಡು.)
ಬೆಲೆಪಟ್ಟಿ ಕಿತ್ತು ಹಾಳೆ ಏರಿಸಿದೆ. ಯಾರೂ ಬೇಡವೆನ್ನಲಿಲ್ಲ,
ಒಬ್ಬ ಪ್ರವಾಸಿ ಫೋಟೊ ತೆಗೆದ.
ರಿಬ್ಬನ್ನು ಒಣಗಿ ಈರುಳ್ಳಿ ಸಿಪ್ಪೆ.
ಹೊಡೆದೆ. ಬಿಳಿಯ ಮೇಲೆ ಬಿಳಿಯ ಕುಳಿ.

ಆದರೆ ನನ್ನ ಚೀಲದಲ್ಲಿ ಕಾರ್ಬನ್ ಹಾಳೆ ಇತ್ತು, ವಿಲ್ಮರ್.
ಮಾರಿದ ಮನೆಯ ಬೀಗದ ಕೈಯಂತೆ ಸುಮ್ಮನೆ ಹೊತ್ತು ತಿರುಗುತ್ತಿದ್ದೆ.
ಎರಡು ಹಾಳೆ, ನಡುವೆ ಅದು.
ಮೂವತ್ತೊಂದು ವರ್ಷ, ಹುಬ್ಬಿನ ಸಮೇತ,
ಕೆಳಗಿನ ಹಾಳೆಗೆ ಇಳಿದು ಕೂತವು.

ಗುಮಾಸ್ತ ಮಗುಚಿ ನೋಡಿದ.
"ಇದು ನಕಲು. ಮೂಲ ಪ್ರತಿ ಎಲ್ಲಿ?"
ಖಾಲಿ ಹಾಳೆ ಕೊಟ್ಟೆ.
ಬೆಳಕಿಗೆ ಓರೆಯಾಗಿ ಹಿಡಿದ. ಬೆರಳಾಡಿಸಿದ.
ಏನು ಮಾಡಬೇಕೋ ತೋಚದೆ
ಎರಡಕ್ಕೂ ಮೊಹರು ಒತ್ತಿದ.

ಇಲ್ಲ, ಲ್ಯಾಪ್‌ಟಾಪು ತಂದಿಲ್ಲ. ಅದು ನನಗೆ ಬೇಕು.
ಆಲಿಕಲ್ಲು ಬಿದ್ದರೆ ಕಾಗದದ ಮೇಲೆ ಮುಚ್ಚುತ್ತೇನೆ,
ಅಷ್ಟಕ್ಕೆ ಗಟ್ಟಿಯಿದೆ.
ಮಂಗಳವಾರ ಮತ್ತೆ ಆ ದುಬಾರಿ ಕಾಫಿ ಕುಡಿಯಬೇಕು, ಇಬ್ಬರ ಅರ್ಜಿ ಇದೆ.
ನಿನ್ನ ಈ ರಾಶಿಯೊಳಗೆ ಎಲ್ಲಾದರೂ
ಒಂದು ರಿಬ್ಬನ್ನು ಇದೆಯಾ,
ಅದು ಹೇಳು.