ಹಿಂದಿನ ಸಂಚಿಕೆ

ದುರ್ಗದಬೈಲಿನ ಮೂಲ್ಯಾಗ, ಗಿರಮಿಟ್ ಬಂಡಿ ಹಿಂದ
ನಿಂಬಣ್ಣನ ಬಾಡಿಗಿ ಪುಸ್ತಕದ ಅಂಗಡಿ.
ದಿನಕ್ಕ ಹತ್ತು ಪೈಸೆ. ಹಾಳಿ ಮಡಚಿದ್ರ ಐದು ದಂಡ.
ನಾ ಒಳಗ ಬಂದಾಗ ಒಮ್ಮೆ ಪುಸ್ತಕ ಎಣಸಾಂವ,
ಹೊರಬಿದ್ದಾಗ ಮತ್ತೊಮ್ಮೆ.
ಸೆಟ್ಲಮೆಂಟಿನ ಹುಡುಗ ಅಂದಮ್ಯಾಲೆ
ಎಣಿಕಿ ತಪ್ಪಬಾರದಲ್ಲ.

ಅಲ್ಲೇ ಸಿಕ್ಕಾಂವ ಕರಿಮುಸುಕ.
ಮುಖಪುಟದಾಗ ದೀಪದ ಕಂಬಕ್ಕ ಜೋತುಬಿದ್ದಿದ್ದ,
ಕೆಂಪು ಬಣ್ಣ ಗೆರಿ ದಾಟಿ ಹರದು
ಮೊಣಕೈ ಗಾಳ್ಯಾಗ ರಕ್ತಾ ಕಾರತಿತ್ತು.
ಮದಲ ಕಳ್ಳ ಇದ್ನಂತ. ಈಗ ಕಳ್ಳರನ್ನ ಹಿಡಿಯಾಂವ,
ಹಿಡದಮ್ಯಾಲೆ ಅವರ ಗಂಟಿನ್ಯಾಗ
ಅರ್ಧ ತಾನ ಇಟಗೊಳ್ಳಾಂವ.
ನನಗ ಆ ಅರ್ಧ ಭಾಳ ಸೇರತಿತ್ತು.

ಅಜ್ಜ ತುಳಜಪ್ಪಗ ಓದಾಕ ಬರತಿದ್ದಿಲ್ಲ.
ಮುಳ್ಳತಂತಿ ಒಳಗಿದ್ದ ಕಾಲದಾಗ
ದಿನಾ ಸಂಜಿಗೆ ಹಾಜರಿ; ಪುಸ್ತಕ ಅಂದ್ರ ಅವಗ
ಹೆಬ್ಬಟ್ಟು ಒತ್ತೂ ಜಾಗಾ.
ನಾ ಓದಿದೆ, ಅಂವ ಚಿತ್ರ ನೋಡಿದ,
ಕಂದೀಲು ಹತ್ರ ಸರಿಸಿ.

'ಇಂವ ಏನ ಕದ್ದಿದ್ನಪಾ?'
'ಇದರಾಗಿಲ್ಲಜ್ಜ. ಹಿಂದಿನ ಸಂಚಿಕೆ ನೋಡಿರಿ ಅಂತ ಬರದಾರ.'
'ತಂದಿಲ್ಲೇನು?'
'ನಿಂಬಣ್ಣನ ಕಡೆ ಇಲ್ಲ.'

ಅಜ್ಜ ಎಲಿ ಅಡಿಕಿ ಕುಟ್ಟೂದು ನಿಲ್ಲಿಸಿದ.
'ಪುಣ್ಯಾವಂತ. ಇಂವಂದು ಯಾರ ಕಡೇನೂ ಇಲ್ಲ.
ನಮ್ಮದು ನೋಡು, ಊರಾಗ ಎಲ್ಲಾರ ಕಡೆ ಐತಿ,
ನಮ್ಮ ಕಡೆನ ಇಲ್ಲ.'

ಕಡೀ ಹಾಳ್ಯಾಗ ಅಂವ ಮುಸುಕ ತಗದು
ನಳದಾಗ ಮಾರಿ ತೊಳಕೊಂತಾನ. ಬೆನ್ನಷ್ಟ ಕಾಣತೈತಿ.
ಅಜ್ಜ ಹಾಳಿ ತಿರುವಿ ಆ ಕಡೆಯಿಂದ ನೋಡಿದ,
ಮಾರಿ ಅಲ್ಲಿ ಇರಬೇಕು ಅಂತ.
ಅಲ್ಲಿ ಹಲ್ಲುಪುಡಿ ಜಾಹೀರಾತು.
ಕಾಚು ಹತ್ತಿದ ಹೆಬ್ಬಟ್ಟು ಅಂಚಿನ್ಯಾಗ ಮೂಡಿತ್ತು,
ಗೆರಿ ಗೆರಿ ಎದ್ದು, ಪೂರಾ.

ನಿಂಬಣ್ಣ ಬೆಳಕಿಗೆ ಹಿಡದು ನೋಡಿದ.
'ದಂಡ ಸಾಲಂಗಿಲ್ಲ, ಪುಸ್ತಕನ ಕೊಳ್ಳಬೇಕು. ಒಂದೂ ಕಾಲು ರೂಪಾಯಿ.'
ಅಜ್ಜ ಧೋತರದ ಗಂಟು ಬಿಚ್ಚಿ ಎಣಿಸಿದ,
ಮತ್ತೊಮ್ಮೆ ಎಣಿಸಿದ, ಅಂವಗ ಕೇಳೂಹಂಗ.
'ರಸೀದಿ ಕೊಡ್ರಿ.'
'ಬಾಡಿಗಿ ಅಂಗಡ್ಯಾಗ ಎಂಥಾ ರಸೀದಿ?'
'ಕೊಡ್ರಿ.'
ಹೊರಗ ಗಿರಮಿಟ್ಟಿಗೆ ಉಳ್ಳಾಗಡ್ಡಿ ಹೆಚ್ಚೂ ಸಪ್ಪಳ.
ಅಂವ ಸಿಗರೇಟ್ ಪಾಕೀಟ ಹರದು ಬರದ:
ತುಳಸಪ್ಪ. ಹಳೇ ಪುಸ್ತಕ ಒಂದು. ರೊಕ್ಕ ಮುಟ್ಟಿದೆ.

ಹೆಸರು ತಪ್ಪಿತ್ತು. ನಾ ಹೇಳಲಿಲ್ಲ.
ಪುಸ್ತಕ ನನ್ನ ಬಗಲಾಗ ತುರುಕಿ
ಅಜ್ಜ ರಸೀದಿ ತಾನ ಹಿಡಕೊಂಡ, ಎದ್ದು ಕಾಣೂಹಂಗ.
ಠಾಣೆ ಮುಂದ ಬಂದಾಗ
ಸ್ವಲ್ಪ ಮೆಲ್ಲಕ ನಡದ.