ಕೋಷ್ಟಕ ಎರಡು

ನಾಲ್ಕೇ ಪುಟ. ಐದನೆಯದಕ್ಕೆ ಇಳಿದರೆ
ಓದದೆಯೇ ತಿರಸ್ಕಾರ, ಎಂದಿದೆ ಸೂಚನಾಪತ್ರ.
ಎರಡು ಕಂಬಗಳಲ್ಲಿ ಮಾತು, ಹತ್ತರ ಅಕ್ಷರ,
ಸುತ್ತಲೂ ಎರಡೂವರೆ ಸೆಂಟಿಮೀಟರು ಬಿಳಿ ದಂಡೆ.
ಶೀರ್ಷಿಕೆಯ ಕೊನೆಗೆ ಚುಕ್ಕಿ ಬೇಡ.
ಚಿಪ್ಪಿಯ ಹೆಸರು ಮಾತ್ರ ಓರೆಯಾಗಿ ನಿಲ್ಲಬೇಕು,
ಮೆರೆಟ್ರಿಕ್ಸ್ ಕಾಸ್ಟಾ,
ಇಳಿತದಲ್ಲಿ ಕೆಸರಿಗೆ ಒರಗಿದ ದೋಣಿಯ ಹಾಗೆ.
ಸುಂಕೇರಿಯ ಹೆಂಗಸರು ಅದನ್ನು ಖುಬೆ ಅಂತಾರೆ.
ನೆಟ್ಟಗೇ ಅಂತಾರೆ.

ಕೋಡಿಬಾಗದ ಈ ಕೋಣೆಯಲ್ಲಿ ಫ್ಯಾನು ಮೂರರಲ್ಲಿದೆ.
ಫ್ಲೋರಿನ್ ಆಕರಗಳನ್ನು ಜೋಡಿಸುತ್ತಿದ್ದಾಳೆ,
ಅಲ್ಪವಿರಾಮ ಹೆಸರಿನ ಮುಂದೋ ಹಿಂದೋ,
ಇಸವಿಗೆ ಆವರಣ ಉಂಟೋ ಇಲ್ಲವೋ,
ಮದುವೆಮನೆಯ ಕುರ್ಚಿ ಎಣಿಸುವವಳ ಗಾಂಭೀರ್ಯದಲ್ಲಿ.
ಶಾನಭಾಗ ಮೇಡಂ ಮೂರು ಸಲ ಫೋನು ಮಾಡಿದರು:
"ಸಾರಾಂಶ ನೂರೈವತ್ತು ಶಬ್ದ. ನಿಂದು ನೂರ ಅರವತ್ತೆರಡು.
ಹನ್ನೆರಡನ್ನ ನೀರಿಗೆ ಬಿಡು."
ಬಿಟ್ಟೆ. ಮೊದಲು ಹೋದದ್ದು 'ಬಹುಶಃ'.
ಅದರ ಬೆನ್ನಿಗೆ 'ನಮಗೆ ಕಂಡಂತೆ'.

ಹನ್ನೊಂದು ತಿಂಗಳು, ಆರು ನೆಲೆ.
ಚೌಕಟ್ಟು ಊರಿ, ಕೆಸರು ಬಗೆದು, ಜರಡಿ ಹಿಡಿದು ಎಣಿಸಿದ್ದು
ಈಗ ಅಂಗೈಯಗಲದ ಒಂದು ಕೋಷ್ಟಕ.
ಲಂಬ ಗೆರೆ ಹಾಕಬಾರದಂತೆ, ಅಡ್ಡ ಮೂರೇ ಸಾಕಂತೆ.
ಗೋಡೆಗಳನ್ನೆಲ್ಲ ಕೆಡವಿದೆ.
ಕೆಡವಿದ ಮೇಲೆ ಕಂಡಿತು
ಆಗಸ್ಟಿನ ಸಾಲು, ನಾಲ್ಕನೆಯ ನೆಲೆ:
ಸೊನ್ನೆ.

ಈ ಸೊನ್ನೆ ನಮ್ಮ ಪ್ರಬಂಧದ ಬೆನ್ನೆಲುಬು.
ಕದ್ರಾದಿಂದ ನೀರು ಬಿಟ್ಟರು, ಹೊಳೆಯ ಉಪ್ಪು ಇಳಿಯಿತು,
ಚಿಪ್ಪಿ ಸತ್ತವು ಎನ್ನುವುದಕ್ಕೆ ಇದೇ ಸಾಕ್ಷಿ.
ಅದರ ತಲೆಯ ಮೇಲೊಂದು ನಕ್ಷತ್ರ,
ಕೆಳಗೆ ಸಣ್ಣಕ್ಷರದಲ್ಲಿ: ಗಣನೀಯ ವ್ಯತ್ಯಾಸ.

ಯಾಕೋ ವಹಿ ತೆಗೆದೆ. ಉಪ್ಪಿಗೆ ಹಾಳೆ ಉಬ್ಬಿದೆ,
ಪೆನ್ಸಿಲಿನ ಅಂಕಿ ಬೂದಿಯಾಗಿದೆ.
ಆಗಸ್ಟ್ ಹದಿನಾರು. ಒಂದು, ಎರಡು, ಮೂರು
ದಡದ ನೆಲೆಗಳು, ನಡೆದೇ ಹೋದದ್ದು; ಲೆಕ್ಕ ಇದೆ.
ನಾಲ್ಕು ಹೊಳೆಯ ನಡುವಿನ ದಿಬ್ಬ, ದೋಣಿಯಿಲ್ಲದೆ ಆಗದು.
ಅದರ ಮುಂದೆ ಏನೂ ಇಲ್ಲ. ಸೊನ್ನೆಯೂ ಇಲ್ಲ.
ಬಿಳಿ.
ಯಾವಾಗಲೋ ಕಂಪ್ಯೂಟರಿಗೆ ಇಳಿಸುವಾಗ
ಆ ಬಿಳಿಯನ್ನು ನಾನೇ ದುಂಡಗೆ ಮಾಡಿದ್ದೆ.

ರಾತ್ರಿ ಒಂಬತ್ತೂವರೆ. ರೋಹಿದಾಸ ತಾಂಡೇಲರಿಗೆ ಫೋನು.
ಹಿಂದೆ ಟೀವಿ, ಯಾರೋ ಮೀನು ಹುರಿಯುವ ಚುರ್.
"ಹದಿನಾರಾ? ತಡೀರಿ. ಗಣಪತಿಗೆ ಮುಂಚೆ ಅಲ್ದಾ?
ಆ ದಿನ ನಾ ಬರ್ಲೇ ಇಲ್ಲ ಬಾಯಿ, ಇಂಜಿನ್ನಿನ ಪಿನ್ನು ತುಂಡಾಗಿತ್ತು.
ನೀವಿಬ್ಬರೂ ದಡದಲ್ಲಿ ಕೊಡೆ ಹಿಡ್ಕಂಡು ನಿಂತಿದ್ರಂತೆ,
ಮಗ ಹೇಳ್ದ."

ನಿಂತಿದ್ದೆವು.
ಕೆಂಪು ನೀರು ಸದಾಶಿವಗಡದ ಕಡೆ ಓಡುತ್ತಿತ್ತು,
ದಿಬ್ಬ ಕಾಣುತ್ತಿರಲಿಲ್ಲ.
ಅದರ ಕೆಳಗೆ ಖುಬೆ ಬದುಕಿದ್ದವೋ ಬಾಯಿ ಬಿಟ್ಟಿದ್ದವೋ
ನೋಡಿದವರಿಲ್ಲ.

ಸೊನ್ನೆ ಅಳಿಸಿ ಗೆರೆ ಎಳೆದೆ.
ಸೂಚನಾಪತ್ರದಲ್ಲಿ ಗೆರೆಗೂ ಅಳತೆ ಇದೆ:
ಕೂಡುಗೆರೆಯಲ್ಲ, ಅದಕ್ಕಿಂತ ಒಂಚೂರು ಉದ್ದ.
ಲೆಕ್ಕ ಮತ್ತೆ ಓಡಿಸಿದೆ. ನಕ್ಷತ್ರ ಉದುರಿತು.
ಫ್ಲೋರಿನ್ ಕುರ್ಚಿ ತಿರುಗಿಸಿ ನೋಡಿದಳು, ಏನೂ ಅನ್ನಲಿಲ್ಲ,
'ಬಹುಶಃ'ವನ್ನು ವಾಪಸ್ ತರಲು ಸಾರಾಂಶ ತೆರೆದಳು.
ಮೇಡಂ ಬಹಳ ಹೊತ್ತು ಸುಮ್ಮನಿದ್ದು
"ಹಾಗಾದರೆ ಶೀರ್ಷಿಕೆಯೂ ಬದಲಾಗಬೇಕಲ್ಲ" ಎಂದರು,
ಬೈಗುಳಕ್ಕಿಂತ ಮೆತ್ತಗೆ.
'ಪರಿಣಾಮ' ಹೋಗಿ 'ಪ್ರಾಥಮಿಕ ಅವಲೋಕನ' ಬಂತು.
ಒಂದು ಸಾಲು ಐದನೆಯ ಪುಟಕ್ಕೆ ಜಾರಿತು;
ಚಿತ್ರ ಒಂದನ್ನು ಎರಡು ಮಿಲಿಮೀಟರು ಕುಗ್ಗಿಸಿ
ಎಳೆದುಕೊಂಡೆವು, ಬಲೆಯ ತುದಿ ಎಳೆದ ಹಾಗೆ.

ಹನ್ನೊಂದು ಐವತ್ತೆರಡಕ್ಕೆ ಹೋಯಿತು.

ಬೆಳಿಗ್ಗೆ ಧಕ್ಕೆಯಲ್ಲಿ ಸಿಕ್ಕ ರೋಹಿದಾಸರಿಗೆ
ಮುದ್ರಿಸಿದ ಹಾಳೆ ತೋರಿಸಿದೆ. ಒದ್ದೆ ಬೆರಳಿಟ್ಟು ಹುಡುಕಿದರು.
"ಈ ಗೆರೆ?"
"ಅದು ನೀವು ಬಾರದ ದಿನ."
ಕನ್ನಡಕ ಹಣೆಗೇರಿಸಿ ಮತ್ತೆ ನೋಡಿದರು.
"ಹಂಗಾರೆ ನಾ ಬಂದ ಹತ್ತು ತಿಂಗಳು ಎಲ್ಲುಂಟು?"

ಗೆರೆಯ ಮೇಲೂ ಕೆಳಗೂ ಇದ್ದ ಅಂಕಿಗಳನ್ನು
ಒಂದೊಂದಾಗಿ ಓದಿ ಹೇಳಿದೆ.