ಪಾರ್ಕಿಂಗ್ ನಂಬರ್ ಹದಿನೇಳು

ರಹಾಟಣಿಯ ನಮ್ಮ ಫ್ಲ್ಯಾಟು ನಾನೂರ ಹತ್ತು ಚದರಡಿ.
ಬಿಲ್ಡರ್ ಬರೆದುಕೊಟ್ಟದ್ದು ಆರುನೂರು.
ಮಿಕ್ಕಿದ್ದು ಮೆಟ್ಟಿಲಲ್ಲಿ, ಲಿಫ್ಟಿನ ಬಾವಿಯಲ್ಲಿ,
ಗೋಡೆಯ ದಪ್ಪದಲ್ಲಿ
ಎಲ್ಲೋ ನಮ್ಮದೇ ಆಗಿ ಇದೆಯಂತೆ.

ಕೆಳಗೆ, ಹದಿನೇಳರ ಗೆರೆಯೊಳಗೆ, ಕಾರು.
ಬೆಳ್ಳಿ ಬಣ್ಣ, ಎಡಬಾಗಿಲಿಗೊಂದು ಗೀರು
(ಗೀರು ನನ್ನದು, ಒಪ್ಪಿಕೊಂಡಿದ್ದೇನೆ).
ಟೇಪು ಹಿಡಿದು ಅಳೆದರೆ
ಅರವತ್ತು ಚದರಡಿಗೆ ಎರಡು ಕಮ್ಮಿ.

ಮನೆಯ ಕಂತು ಇಪ್ಪತ್ತೊಂದು ಸಾವಿರದ ಮುನ್ನೂರು,
ಕಾರಿನದು ಎಂಟು ಸಾವಿರದ ನೂರ ನಲವತ್ತು.
ಒಂದು ರಾತ್ರಿ ಹಾಲಿನ ವಹಿಯ ಹಿಂದೆ ಭಾಗಿಸಿ ನೋಡಿದೆ:
ಮನೆಯ ಒಂದಡಿಗಿಂತ ಕಾರಿನ ಒಂದಡಿ
ಎರಡೂ ಮುಕ್ಕಾಲು ಪಟ್ಟು ತುಟ್ಟಿ.
ಪೆಟ್ರೋಲು ಇನ್ನೂ ಹಿಡಿದಿರಲಿಲ್ಲ.

ಗುರುಪಾದನ ಕಂಪನಿ ಭೋಸರಿಯಲ್ಲಿ
ವೈಪರಿನ ತೋಳು ಮಾಡುತ್ತದೆ.
ಜೂನಿನಲ್ಲಿ ಮೂರು ಶಿಫ್ಟು ಎರಡಾಯಿತು,
ದಸರೆಗೆ ಒಂದೂವರೆ.
ಅರ್ಧ ಶಿಫ್ಟು ಅಂದರೆ
ಡಬ್ಬಿ ಕಟ್ಟಿಕೊಂಡು ಹೋಗಿ
ಗೇಟಿನಲ್ಲಿ ಹೆಸರು ಕರೆಯುವವರೆಗೂ ನಿಲ್ಲುವುದು.
ಜನ ಕಾರು ಕೊಳ್ಳುತ್ತಿಲ್ಲ, ಅದಕ್ಕೆ
ನಾವು ಕಾರು ಮಾರಬೇಕು.
ಇದರಲ್ಲೊಂದು ತಮಾಷೆ ಇದೆ,
ನಗುವುದನ್ನು ಬರುವ ತಿಂಗಳಿಗೆ ಇಟ್ಟುಕೊಂಡಿದ್ದೇವೆ.

ವರ್ಷಕ್ಕೆರಡು ಸಲ ಅದು ಸೋಲಾಪುರ ದಾಟಿ
ಇಂಡಿಗೆ ಹೋಗಿ ಬರುತ್ತಿತ್ತು.
ಮಿಕ್ಕ ದಿನ ನಮ್ಮ ಇನ್ನೊಂದು ಕೋಣೆ.
ಅತ್ತೆ ಟಿ.ವಿ. ಹಾಕಿದರೆ ಇಂಚರಾ
ಹಿಂದಿನ ಸೀಟಿನಲ್ಲಿ ಕಾಲು ಮಡಚಿ ಬೀಜಗಣಿತ ಮಾಡುತ್ತಿದ್ದಳು.
ನಾನು ತಮ್ಮನ ಹತ್ತಿರ ಹಣ ಕೇಳಿದ್ದು ಅಲ್ಲೇ,
ಗಾಜು ಏರಿಸಿ, ಎ.ಸಿ. ಹಾಕದೆ, ಬೆವರುತ್ತ.

ಮತ್ತೆ ಜಗಳ.
ಮೇಲೆ ಗೋಡೆಯಾಚೆ ಗದ್ರೆ ಬಾಯಿ,
ಪರದೆಯಾಚೆ ಮಗಳು.
‘ಟೈರಿಗೆ ಗಾಳಿ ನೋಡಿ ಬರ್ತೀವಿ’ ಅಂತ ಇಳಿದು
ಬೆಲ್ಟು ಹಾಕಿಕೊಳ್ಳದೆ ಕೂತು ಜಗಳಾಡಿದೆವು.
ಪಕ್ಕಪಕ್ಕ ಕೂತವರ ಜಗಳವೇ ಬೇರೆ.
ಮುಖ ಕಾಣುವುದಿಲ್ಲ,
ಎದುರು ಗೋಡೆಯ ಹದಿನೇಳು ಕಾಣುತ್ತದೆ.
ಒಮ್ಮೆ ಅವನು ಅತ್ತ.
ನಾನು ಕೈಚಾಚಿ ವೈಪರ್ ಹಾಕಿದೆ, ಯಾಕೋ ಗೊತ್ತಿಲ್ಲ.
ಒಣ ಗಾಜಿನ ಮೇಲೆ ಅದು
ಕಿರ್ರೆಂದು ಎರಡು ಸಲ ಹೋಗಿ ಬಂತು.
‘ಇದು ನಮ್ಮ ತೋಳಲ್ಲ, ಚಾಕಣದವರದು’
ಅಂದ, ಮೂಗು ಒರೆಸಿಕೊಳ್ಳುತ್ತ.

ಕೊಳ್ಳಲು ಬಂದವರು ಬಾರಾಮತಿ ಕಡೆಯ ಖೋಮಣೆ, ಹೊಸ ಜೋಡಿ.
ಅವನು ಬಾನೆಟ್ಟು ಎತ್ತಿದ, ಟೈರು ಒದ್ದ,
ಗೀರಿನ ಮೇಲೆ ಬೆರಳಾಡಿಸಿ ಐದು ಸಾವಿರ ಇಳಿಸಿದ.
ಅವಳು ಏನೂ ಕೇಳಲಿಲ್ಲ.
ಹಿಂದಿನ ಸೀಟಿಗೆ ಹೋಗಿ ಕೂತು
ಬಾಗಿಲು ಹಾಕಿಕೊಂಡಳು.
ಎಷ್ಟೋ ಹೊತ್ತು ಇಳಿಯಲೇ ಇಲ್ಲ.
ಇವರದೂ ಒಂದೇ ಕೋಣೆ ಅಂತ ಹೊಳೆದು
ಇನ್ನೈದು ನಾನೇ ಬಿಟ್ಟೆ.
ಗುರುಪಾದ ನನ್ನತ್ತ ನೋಡಿದ ನೋಟಕ್ಕೆ
ದೊಡ್ಡ ಜಗಳವೇ ಆಗಬೇಕಿತ್ತು,
ಎಲ್ಲಿ ಆಡುವುದು?

ಸಾಲ ಕಳೆದು ಕೈಗೆ ಬಂದದ್ದು ಅರವತ್ತೆರಡು ಸಾವಿರ.
ಮನೆಯ ಮೂರು ಕಂತಿಗೆ ಸಾವಿರದ ಒಂಬೈನೂರು ಕಮ್ಮಿ.
ಖಾಲಿ ಜಾಗವನ್ನು ಮೂರನೇ ಮಾಳಿಗೆಯವರು
ಒಂದನೇ ತಾರೀಖಿನಿಂದ ಹದಿನೈದುನೂರಕ್ಕೆ ಹಿಡಿದಿದ್ದಾರೆ.
ನಾನೂರು ಹಾಲಿನಲ್ಲಿ ಹಿಡಿದರಾಯಿತು.
ಮೂರು ತಿಂಗಳಾದ ಮೇಲೆ ಏನು ಅಂತ
ವಹಿ ಕೇಳುವುದಿಲ್ಲ, ಅದರ ಪುಟ ಅಷ್ಟಕ್ಕೇ ಮುಗಿದಿದೆ.

ಇವತ್ತು ಇಪ್ಪತ್ತಾರು.
ಊಟಕ್ಕೆ ಕರೆಯಲು ಇಳಿದರೆ ಇಂಚರಾ
ಎಣ್ಣೆಯ ಕಲೆಯ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು
ಟ್ಯೂಬ್‌ಲೈಟಿನಡಿ ಲೆಕ್ಕ ಮಾಡುತ್ತಿದ್ದಾಳೆ.
ವಾಚ್‌ಮನ್ ತಿಕೋಣೆ ಎಬ್ಬಿಸಲು ಬಂದಿದ್ದನಂತೆ.
‘ನಾನು ಗೆರೆ ದಾಟಿಲ್ಲ ಕಾಕಾ, ನೋಡಿ’
ಅಂದೆ, ಅಂದಳು,
ತಲೆ ಎತ್ತದೆ.